ಹಾಸಿಗೆಯ ಲೆಕ್ಕ ನಿಮ್ಮ ಹತ್ತಿರವೇ ಇದೆ: ಇಬ್ಬರು ಸಚಿವರಿಗೆ ಒಬ್ಬ ನರ್ಸ್ ಬರೆದ ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಸಚಿವರಿಗೆ ಮತ್ತು ಮಾನ್ಯ ಕಾರ್ಮಿಕ ಸಚಿವರಿಗೆ,

ನಮಸ್ಕಾರ.

ನಾನು ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಊರು ಅರಸೀಕೆರೆ ಕಡೆ. ನಿಮ್ಮಿಬ್ಬರಿಗೂ ಸೇರಿಸಿ ಒಂದೇ ಪತ್ರ ಬರೆಯುವುದಕ್ಕೆ ಕಾರಣ ಇದೆ. ನರ್ಸ್‌ಗಳ ಸಂಬಳದ ಮಾತು ತೆಗೆದುಕೊಂಡು ಆರೋಗ್ಯ ಇಲಾಖೆಗೆ ಹೋದರೆ ‘ವೇತನ ಅಂದ್ರೆ ಕಾರ್ಮಿಕ ಇಲಾಖೆ’ ಅನ್ನುತ್ತಾರೆ. ಅಲ್ಲಿಗೆ ಹೋದರೆ ‘ಆಸ್ಪತ್ರೆಗೆ ಲೈಸೆನ್ಸ್ ಕೊಡೋರು ನಾವಲ್ಲ’ ಅನ್ನುತ್ತಾರೆ. ಹಾಗಾಗಿ ಇಬ್ಬರೂ ಒಂದೇ ಕಡೆ ಕೂತು ಓದಲಿ ಅಂತ ಈ ಪತ್ರ.

ನಾವು ಹೊಸದೇನೂ ಕೇಳುತ್ತಿಲ್ಲ. ಹಳೆಯ ಕಾಗದ ಒಂದು ನಿಮ್ಮ ಕಚೇರಿಯಲ್ಲಿ ಇದೆ, ಅದನ್ನು ಹೊರಗೆ ತೆಗೆಯಿರಿ ಅಂತಷ್ಟೇ ಕೇಳುತ್ತಿದ್ದೇವೆ. ಟ್ರೈನ್ಡ್ ನರ್ಸಸ್ ಅಸೋಸಿಯೇಷನ್ ಆಫ್ ಇಂಡಿಯಾ ಅಂತ 1908ರಿಂದ ಇರುವ ಸಂಘ, ಖಾಸಗಿ ಆಸ್ಪತ್ರೆಗಳಲ್ಲಿ ನರ್ಸ್‌ಗಳ ಸ್ಥಿತಿ ನೋಡಿ ಅಂತ 2011ರಲ್ಲಿ ಸುಪ್ರೀಂ ಕೋರ್ಟ್‌ಗೆ ಹೋಯಿತು. 2016ರ ಜನವರಿ 29ರಂದು ಕೋರ್ಟ್, ಇದಕ್ಕೊಂದು ತಜ್ಞರ ಸಮಿತಿ ಮಾಡಿ ಅಂತ ಕೇಂದ್ರ ಸರ್ಕಾರಕ್ಕೆ ಹೇಳಿತು. ಸಮಿತಿ ಕೂತಿತು, ವರದಿ ಕೊಟ್ಟಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಆ ಶಿಫಾರಸುಗಳನ್ನು ಎಲ್ಲ ರಾಜ್ಯಗಳಿಗೂ ಕಳಿಸಿತು. ನಮ್ಮ ರಾಜ್ಯಕ್ಕೂ ಬಂತು.

ಸಂಬಳದ ಬಗ್ಗೆ ಅದರಲ್ಲಿರುವುದು ನಾಲ್ಕೇ ಸಾಲು. 200ಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆ, ರಾಜ್ಯ ಸರ್ಕಾರದ ನರ್ಸ್‌ಗೆ ಸಿಗುವಷ್ಟೇ ಸಂಬಳ ಕೊಡಬೇಕು. 100ರಿಂದ 200 ಹಾಸಿಗೆ ಇದ್ದರೆ ಸರ್ಕಾರಿ ಸಂಬಳಕ್ಕಿಂತ ಶೇ 10ಕ್ಕಿಂತ ಜಾಸ್ತಿ ಕಡಿಮೆ ಆಗಬಾರದು. 50ರಿಂದ 100 ಇದ್ದರೆ ಶೇ 25ಕ್ಕಿಂತ ಜಾಸ್ತಿ ಕಡಿಮೆ ಆಗಬಾರದು. 50ಕ್ಕಿಂತ ಸಣ್ಣ ಆಸ್ಪತ್ರೆ ಆದರೂ 20,000 ರೂಪಾಯಿಗಿಂತ ಕೆಳಗೆ ಇಳಿಯುವಂತಿಲ್ಲ. ರಜೆ, ಕೆಲಸದ ಗಂಟೆ, ಓಡಾಟದ ವ್ಯವಸ್ಥೆ, ವಸತಿ ಎಲ್ಲವೂ ಸರ್ಕಾರಿ ನರ್ಸ್‌ಗಳಿಗೆ ಇರುವ ಹಾಗೇ ಇರಬೇಕು ಅಂತಲೂ ಸಮಿತಿ ಹೇಳಿದೆ.

ಇಪ್ಪತ್ತು ಸಾವಿರ ಅನ್ನುವುದು 2016ರ ಮಾತು, ಗಮನದಲ್ಲಿರಲಿ. ಆಗಿನ ಬೆಂಗಳೂರಿನ ಮನೆ ಬಾಡಿಗೆ ಈಗ ಎಲ್ಲಿದೆ? ಬಾಡಿಗೆ ಬಿಡಿ, ಆವತ್ತಿನ ಆ ಇಪ್ಪತ್ತು ಸಾವಿರವನ್ನೇ ಇವತ್ತಿಗೂ ಕಣ್ಣಲ್ಲಿ ಕಾಣದ ಹುಡುಗಿಯರು ನನ್ನ ಜೊತೆ ಕೆಲಸ ಮಾಡಿದ್ದಾರೆ. ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಮುಗಿಸಿ ಬಂದವರು. ಕೋರ್ಸಿಗೆ ಅಪ್ಪ ಮಾಡಿದ ಸಾಲದ ಕಂತು ಇವರ ಸಂಬಳದಲ್ಲೇ ಹೋಗಬೇಕು.

ಸಂಬಳ ಹೇಗೆ ಕರಗುತ್ತದೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ವಿಧಾನಸೌಧದಲ್ಲಿ ಕೂತವರಿಗೆ ನಮ್ಮ ಪೇ ಸ್ಲಿಪ್ ನೋಡುವ ಅವಕಾಶ ಸಿಗಲಿಕ್ಕಿಲ್ಲ. ನಾನು ಮೊದಲು ಸೇರಿದ ಆಸ್ಪತ್ರೆಯಲ್ಲಿ ಆಫರ್ ಲೆಟರ್‌ನಲ್ಲಿದ್ದ ಮೊತ್ತ ಒಂದು, ಕೈಗೆ ಬಂದದ್ದು ಇನ್ನೊಂದು. ಪಿಎಫ್‌ನಲ್ಲಿ ನನ್ನ ಪಾಲೂ ನನ್ನದೇ, ಮಾಲೀಕರ ಪಾಲೂ ನನ್ನ ಲೆಕ್ಕದಲ್ಲೇ. ಎರಡನ್ನೂ ‘ಸಿಟಿಸಿ’ ಅನ್ನುವ ಒಂದೇ ಮೊತ್ತದೊಳಗೆ ಸೇರಿಸಿಟ್ಟಿದ್ದರು. ಹಾಸ್ಟೆಲ್‌ಗೆ ಕಡಿತ, ಊಟಕ್ಕೆ ಕಡಿತ, ಯೂನಿಫಾರ್ಮ್‌ಗೆ ಕಡಿತ. ವಾರ್ಡ್‌ನಲ್ಲಿ ಬಿಪಿ ಕಫ್ ಒಂದು ಕಾಣೆಯಾದರೆ ಆ ಶಿಫ್ಟ್‌ನವರೆಲ್ಲ ಹಂಚಿಕೊಂಡು ಕಟ್ಟಬೇಕು. ರೋಗಿಗೆ ಹಾಕಿದ ಒಂದು ಕ್ಯಾನುಲಾ ಬಿಲ್‌ಗೆ ಸೇರಿಸುವುದು ಮರೆತರೆ ಅದೂ ನಮ್ಮ ತಲೆ ಮೇಲೆ. ನೈಟ್ ಡ್ಯೂಟಿ ಭತ್ಯೆ ಎಷ್ಟು ಅಂತ ಹೇಳಿದರೆ ನೀವು ನಗುತ್ತೀರಿ. ಅಷ್ಟರಲ್ಲಿ ರಾತ್ರಿ ಪೂರ್ತಿ ಎಚ್ಚರ ಇರೋಕೆ ಬೇಕಾದ ಕಾಫಿಯೂ ಬರಲ್ಲ.

ರಾತ್ರಿ ಎಂಟಕ್ಕೆ ಹೋದವರು ಬೆಳಿಗ್ಗೆ ಎಂಟಕ್ಕೆ ಹೊರಡಬೇಕು. ಹೊರಡುವುದಿಲ್ಲ. ಹ್ಯಾಂಡೋವರ್ ಇದೆ, ಔಷಧಿ ಲೆಕ್ಕ ಇದೆ, ಫೈಲ್ ಬರೆಯುವುದು ಇದೆ. ಬೆಳಗಿನ ಶಿಫ್ಟ್‌ಗೆ ಒಬ್ಬರು ರಜೆ ಹಾಕಿದರೆ ಇನ್‌ಚಾರ್ಜ್ ಸಿಸ್ಟರ್ ಮುಖ ನೋಡಿ ‘ಸ್ವಲ್ಪ ಹೊತ್ತು ಇರಮ್ಮ’ ಅನ್ನುತ್ತಾರೆ. ಪಾಪ, ಅವರೂ ಏನು ಮಾಡುತ್ತಾರೆ? ಐಸಿಯುನಲ್ಲಿ ಒಬ್ಬ ರೋಗಿಗೆ ಒಬ್ಬ ನರ್ಸ್ ಅಂತ ಕಾಲೇಜಿನಲ್ಲಿ ಓದಿ ಪರೀಕ್ಷೆ ಬರೆದು ಪಾಸಾಗಿ ಬಂದಿರುತ್ತೇವೆ. ಬಂದು ನೋಡಿದರೆ ಎರಡು ವೆಂಟಿಲೇಟರ್ ಒಬ್ಬಳ ಕೈಯಲ್ಲಿ, ಮೂರನೇದು ತುರ್ತು ಚಿಕಿತ್ಸಾ ವಿಭಾಗದಿಂದ ಮೇಲೆ ಬರ್ತಾ ಇದೆ ಅಂತ ಫೋನು.

ಇನ್ನು ಬಿಡುತ್ತೇನೆ ಅಂದರೆ ಬಿಡೋದೂ ಸುಲಭ ಅಲ್ಲ. ಸೇರುವಾಗಲೇ ಮಾರ್ಕ್ಸ್ ಕಾರ್ಡ್, ನರ್ಸಿಂಗ್ ಕೌನ್ಸಿಲ್ ನೋಂದಣಿ ಪತ್ರ, ಎಲ್ಲದರ ಒರಿಜಿನಲ್ ಕೊಟ್ಟಿರುತ್ತೇವೆ. ಇಷ್ಟು ಕಾಲ ಇರ್ತೀವಿ ಅಂತ ಬರೆದುಕೊಟ್ಟ ಬಾಂಡ್ ಮುಗಿಯುವ ಮೊದಲು ಹೊರಟರೆ ಹಣ ಕಟ್ಟು, ಇಲ್ಲದಿದ್ದರೆ ಸರ್ಟಿಫಿಕೇಟ್ ಇಲ್ಲ. ಅನುಭವ ಪತ್ರಕ್ಕೆ ತಿಂಗಳುಗಟ್ಟಲೆ ಎಚ್‌ಆರ್ ಬಾಗಿಲು ಕಾಯಬೇಕು. ಆ ಕಾಗದ ಇಲ್ಲದೆ ಗಲ್ಫ್ ಇಲ್ಲ, ಇಂಗ್ಲೆಂಡ್ ಇಲ್ಲ, ಪಕ್ಕದ ರಸ್ತೆಯ ಇನ್ನೊಂದು ಆಸ್ಪತ್ರೆಯೂ ಇಲ್ಲ.

ಈಗ ಒಂದು ವಿಚಿತ್ರ ಕೇಳಿ. ಇಎಸ್‌ಐ ಅನ್ನುವ ಕಾರ್ಮಿಕರ ವಿಮಾ ಸೌಲಭ್ಯಕ್ಕೆ ಸಂಬಳದ ಮಿತಿ ತಿಂಗಳಿಗೆ 21,000 ರೂಪಾಯಿ. ದೊಡ್ಡ ದೊಡ್ಡ ಗಾಜಿನ ಕಟ್ಟಡದ ಆಸ್ಪತ್ರೆಯ ನರ್ಸ್‌ಗಳಲ್ಲಿ ಎಷ್ಟೋ ಮಂದಿ ಈ ಮಿತಿಯ ಒಳಗೇ ಇದ್ದಾರೆ. ಅಂದರೆ ತಾನು ಕೆಲಸ ಮಾಡುವ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಲು ಆಗದವಳು ಸೊಂಟ ನೋವು ಅಂತ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಹೋಗಿ ಕ್ಯೂ ನಿಲ್ಲುತ್ತಾಳೆ. ಅಲ್ಲಿ ಅವಳ ಬಿಪಿ ನೋಡುವ ನರ್ಸಿಂಗ್ ಆಫೀಸರ್‌ಗೆ ಕೇಂದ್ರದ ಏಳನೇ ವೇತನ ಆಯೋಗದ ಪ್ರಕಾರ ಆರಂಭದ ಮೂಲ ವೇತನವೇ 44,900. ನಿಮ್ಹಾನ್ಸ್‌ನಲ್ಲೂ ಅಷ್ಟೇ. ಭತ್ಯೆ ಬೇರೆ. ಇಬ್ಬರೂ ಓದಿದ್ದು ಒಂದೇ ಪಾಠ. ಇಬ್ಬರದೂ ಅದೇ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ. ಎಷ್ಟೋ ಸಲ ಇಬ್ಬರೂ ಒಂದೇ ಬ್ಯಾಚ್. ಅಲ್ಲಿನ ಸಿಸ್ಟರ್‌ಗೆ ಜಾಸ್ತಿ ಸಿಗುತ್ತದೆ ಅನ್ನುವ ಹೊಟ್ಟೆಕಿಚ್ಚು ನಮಗಿಲ್ಲ. ಆ ಕೆಲಸಕ್ಕೆ ಅಷ್ಟು ಬೆಲೆ ಇದೆ ಅಂತ ಸರ್ಕಾರವೇ ಒಪ್ಪಿಕೊಂಡಿದೆ, ನಾವು ತೋರಿಸುತ್ತಿರುವುದು ಅದನ್ನ.

ಆರೋಗ್ಯ ಸಚಿವರೇ, ಇನ್ನು ನಿಮ್ಮ ಇಲಾಖೆಯ ವಿಷಯ. ಸಮಿತಿಯ ನಾಲ್ಕೂ ಸಾಲು ನಿಂತಿರುವುದು ಹಾಸಿಗೆಗಳ ಸಂಖ್ಯೆಯ ಮೇಲೆ. ರಾಜ್ಯದ ಯಾವ ಖಾಸಗಿ ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ ಇದೆ ಅಂತ ಹುಡುಕಿಕೊಂಡು ಹೋಗುವ ಕಷ್ಟ ನಿಮಗಿಲ್ಲ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಎಲ್ಲರೂ ಕೆಪಿಎಂಇ ಅನ್ನುವ ಕಾಯ್ದೆ, ಅದರ ಅಡಿಯಲ್ಲಿ ಪ್ರತಿ ಆಸ್ಪತ್ರೆಯೂ ನೋಂದಣಿ ಮಾಡಿಸಲೇಬೇಕು. ಎಷ್ಟು ಹಾಸಿಗೆ, ಎಷ್ಟು ಸಿಬ್ಬಂದಿ ಎಲ್ಲ ಬರೆದು ಕೊಡಬೇಕು. ಜಿಲ್ಲೆಯಲ್ಲಿ ಆ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಅಲ್ಲಿಗೆ ಯಾವ ಆಸ್ಪತ್ರೆ ಯಾವ ಸಾಲಿಗೆ ಬರುತ್ತದೆ ಅನ್ನುವುದು ನಿಮ್ಮ ಕಂಪ್ಯೂಟರ್‌ನಲ್ಲೇ ಇದೆ. ನೋಂದಣಿ ನವೀಕರಣಕ್ಕೆ ಬಂದಾಗ ಅಗ್ನಿಶಾಮಕದವರ ಕಾಗದ ಕೇಳುತ್ತೀರಿ, ವೈದ್ಯಕೀಯ ತ್ಯಾಜ್ಯದ ಕಾಗದ ಕೇಳುತ್ತೀರಿ. ಜೊತೆಗೆ ನರ್ಸ್‌ಗಳ ಬ್ಯಾಂಕ್ ಖಾತೆಗೆ ಹೋದ ಸಂಬಳದ ಪಟ್ಟಿಯನ್ನೂ ಕೇಳಿ. ನಮ್ಮ ಬೇಡಿಕೆಯ ತಿರುಳು ಇಷ್ಟೇ.

ಕಾರ್ಮಿಕ ಸಚಿವರೇ, ನಿಮ್ಮ ಪಾಲಿನದು ಅಧಿಸೂಚನೆ. ಆಸ್ಪತ್ರೆ ಮತ್ತು ನರ್ಸಿಂಗ್ ಹೋಂ ಕೆಲಸಗಾರರಿಗೆ ಕನಿಷ್ಠ ವೇತನ ನಿಗದಿ ಮಾಡುವುದು ಈ ರಾಜ್ಯಕ್ಕೆ ಹೊಸದಲ್ಲ. ಹೊಸ ವೇತನ ಸಂಹಿತೆ ಬಂದರೂ ಆ ಅಧಿಕಾರ ನಿಮ್ಮ ಹತ್ತಿರವೇ ಉಳಿದಿದೆ. ಆ ಪಟ್ಟಿಯಲ್ಲಿ ನರ್ಸ್‌ಗೆ ಹಾಸಿಗೆ ಲೆಕ್ಕದ ದರ ಸೇರಿಸಲು ನಿಮ್ಮ ಸಹಿ ಬೇಕು.

ಬೇರೆ ಕಡೆ ಆಗಿದೆಯಾ ಅಂತ ಕೇಳುತ್ತೀರಿ. ಆಗಿದೆ. ದೆಹಲಿಯಲ್ಲಿ 2018ರ ಜೂನ್‌ನಲ್ಲಿ ಆರೋಗ್ಯ ಸೇವೆಗಳ ನಿರ್ದೇಶನಾಲಯ ಈ ಶಿಫಾರಸು ಪಾಲಿಸಿ ಅಂತ ಖಾಸಗಿ ಆಸ್ಪತ್ರೆಗಳಿಗೆ ಆದೇಶ ಕೊಟ್ಟಿತು. ಆಸ್ಪತ್ರೆಗಳ ಒಕ್ಕೂಟ ಕೋರ್ಟ್‌ಗೆ ಹೋಯಿತು. 2019ರ ಜುಲೈನಲ್ಲಿ ದೆಹಲಿ ಹೈಕೋರ್ಟ್ ಒಕ್ಕೂಟದ ಅರ್ಜಿಯನ್ನು ತಳ್ಳಿಹಾಕಿತು.

ಕೇರಳದ ಕತೆ ಇನ್ನೂ ಹತ್ತಿರದ್ದು. ನಮ್ಮ ವಾರ್ಡ್‌ಗಳಲ್ಲಿ ಅರ್ಧ ಮಾತುಕತೆ ಮಲಯಾಳದಲ್ಲೇ ನಡೆಯುತ್ತದೆ, ನಿಮಗೂ ಗೊತ್ತಿರುತ್ತದೆ. ಮಂಗಳೂರು, ಬೆಂಗಳೂರಿನ ಕಾಲೇಜುಗಳಲ್ಲಿ ಓದಿದ ಮಕ್ಕಳು ಅವರು. ಅವರ ಊರಿನಲ್ಲಿ 2011ರಲ್ಲಿ ಯುನೈಟೆಡ್ ನರ್ಸಸ್ ಅಸೋಸಿಯೇಷನ್ ಹುಟ್ಟಿತು. ಆಸ್ಪತ್ರೆಯಿಂದ ಆಸ್ಪತ್ರೆಗೆ ಮುಷ್ಕರ ಹಬ್ಬಿತು. 2017ರ ಜುಲೈನಲ್ಲಿ ಮುಖ್ಯಮಂತ್ರಿ ಜೊತೆ ಮಾತುಕತೆ ಆಗಿ, ಕನಿಷ್ಠ 20,000 ಅಂತ ಒಪ್ಪಿಗೆಯಾಯಿತು. ಒಪ್ಪಿಗೆಯಾದರೂ ಅಧಿಸೂಚನೆ ಬರಲಿಲ್ಲ. ಚೇರ್ತಲದಲ್ಲಿ ಒಂದು ಆಸ್ಪತ್ರೆ ಮುಂದೆ ನರ್ಸ್‌ಗಳು ತಿಂಗಳುಗಟ್ಟಲೆ ಧರಣಿ ಕೂತಿದ್ದರು. ಕೊನೆಗೆ ಅಲ್ಲಿಂದ ತಿರುವನಂತಪುರದವರೆಗೆ ನಡೆದುಕೊಂಡೇ ಬರ್ತೀವಿ ಅಂತ ಹೊರಟರು. 2018ರ ಏಪ್ರಿಲ್ 24ಕ್ಕೆ ನಡಿಗೆ ಶುರುವಾಗಬೇಕಿತ್ತು. 23ಕ್ಕೆ ಅಧಿಸೂಚನೆ ಬಂತು! ಮೂಲ ಕನಿಷ್ಠ 20,000, ಆಸ್ಪತ್ರೆ ದೊಡ್ಡದಾದಷ್ಟೂ ಮೇಲೆ ಭತ್ಯೆ. ಮಾಲೀಕರು ಕೋರ್ಟ್ ಮೆಟ್ಟಿಲು ಹತ್ತಿದರು, ಜಾರಿಯಲ್ಲಿ ಬೇಕಾದಷ್ಟು ತೂತು ಇದ್ದವು, ಎಲ್ಲ ನಿಜ. ಆದರೂ ಅಲ್ಲಿನ ಹುಡುಗಿಗೆ ಲೇಬರ್ ಆಫೀಸ್‌ಗೆ ಹೋಗಿ ತೋರಿಸಲು ಒಂದು ಕಾಗದ ಸಿಕ್ಕಿತು. ಹಾಸಿಗೆ ಲೆಕ್ಕದ ಅಂಥ ಕಾಗದ ನಮಗೆ ಸಿಕ್ಕೇ ಇಲ್ಲ.

‘ಸಂಬಳ ಏರಿಸಿದರೆ ರೋಗಿಗಳ ಬಿಲ್ ಏರುತ್ತದೆ’ ಅನ್ನುವ ಮಾತು ನಿಮ್ಮ ಮುಂದೆ ಬಂದೇ ಬರುತ್ತದೆ. ಬಂದಾಗ ಒಂದು ಆಸ್ಪತ್ರೆ ಬಿಲ್ ತರಿಸಿಕೊಂಡು ನೋಡಿ. ರೂಮ್ ಬಾಡಿಗೆ ಕೆಳಗೆ ‘ನರ್ಸಿಂಗ್ ಚಾರ್ಜ್’ ಅಂತ ಪ್ರತ್ಯೇಕ ಸಾಲು ಎಷ್ಟೋ ಬಿಲ್‌ಗಳಲ್ಲಿ ಇರುತ್ತದೆ. ದಿನಕ್ಕೆ 500 ರೂಪಾಯಿ ಅಂತಲೇ ಇಟ್ಟುಕೊಳ್ಳೋಣ. ಎಂಟು ಹಾಸಿಗೆಗೆ ತಿಂಗಳಿಗೆ 1,20,000 ಆಯಿತು. ಆ ಎಂಟು ಹಾಸಿಗೆಯನ್ನು ಮೂರು ಶಿಫ್ಟ್‌ನಲ್ಲಿ ನೋಡಿಕೊಳ್ಳಲು ಮೂವರು, ವಾರದ ರಜೆ ತುಂಬಲು ಇನ್ನೊಬ್ಬರು. ನಾಲ್ಕು ಜನಕ್ಕೆ ಹಂಚಿದರೆ ತಲಾ 30,000. ನಮ್ಮ ಹೆಸರಲ್ಲಿ ರೋಗಿ ಕೊಟ್ಟ ದುಡ್ಡು ಇದು, ರೂಮ್, ಔಷಧಿ, ಲ್ಯಾಬ್, ಸ್ಕ್ಯಾನ್ ಯಾವುದನ್ನೂ ಮುಟ್ಟಿಲ್ಲ. ಎಲ್ಲ ಹಾಸಿಗೆಯೂ ದಿನಾ ತುಂಬಿರಲ್ಲ, ವಿಮೆಯವರು ಕತ್ತರಿಸುತ್ತಾರೆ ಅಂತ ಅವರು ಹೇಳಬಹುದು. ಹೇಳಲಿ. ಅವರ ಲೆಕ್ಕವನ್ನೂ ಮೇಜಿನ ಮೇಲೆ ಇಡಲಿ, ನೋಡೋಣ.

ಸಣ್ಣ ಊರಿನ ನರ್ಸಿಂಗ್ ಹೋಂಗಳ ಬಗ್ಗೆ ಮಾತ್ರ ನನಗೆ ಬೇರೆ ಅಭಿಪ್ರಾಯ ಇದೆ. ನನ್ನ ಸಂಗಾತಿಗಳಲ್ಲಿ ಕೆಲವರು ಇದನ್ನು ಒಪ್ಪಲ್ಲ. ತಾಲ್ಲೂಕಿನಲ್ಲಿ ಗಂಡ ಹೆಂಡತಿ ಇಬ್ಬರು ಡಾಕ್ಟರು ಸೇರಿ ಹದಿನೈದು ಹಾಸಿಗೆ ಇಟ್ಟುಕೊಂಡು ನಡೆಸುವ ಜಾಗಕ್ಕೂ, ಷೇರು ಮಾರುಕಟ್ಟೆಯಲ್ಲಿರುವ ಆಸ್ಪತ್ರೆ ಸರಪಳಿಗೂ ಒಂದೇ ದಿನ ಒಂದೇ ಕೋಲು ಬೀಸಬೇಡಿ. ಅಂಥವರಿಗೆ ಒಂದೆರಡು ವರ್ಷದ ಹಂತ ಕೊಡಿ. ಆಯುಷ್ಮಾನ್ ಯೋಜನೆಯಡಿ ಅವರಿಗೆ ಬರಬೇಕಾದ ಬಾಕಿಯನ್ನು ಸರ್ಕಾರ ಸರಿಯಾದ ಸಮಯಕ್ಕೆ ಕೊಡಲಿ. ದೊಡ್ಡವರಿಂದ ಶುರು ಮಾಡಿ.

ಈಗ ಯೂನಿಯನ್ ಮಾತು. ಈ ಪದ ಕೇಳಿದ ಕೂಡಲೇ ನಮ್ಮ ಆಸ್ಪತ್ರೆಗಳಲ್ಲಿ ದನಿ ತಗ್ಗುತ್ತದೆ. ಆಸ್ಪತ್ರೆ ಮಾಲೀಕರಿಗೆ ಫನಾ ಅನ್ನುವ ಸಂಘ ಇದೆ. ವೈದ್ಯರಿಗೆ ಐಎಂಎ ಇದೆ. 2017ರ ನವೆಂಬರ್‌ನಲ್ಲಿ ಕೆಪಿಎಂಇ ತಿದ್ದುಪಡಿ ಬೇಡ ಅಂತ ಖಾಸಗಿ ವೈದ್ಯರು ರಾಜ್ಯದಲ್ಲಿ ಹೊರರೋಗಿ ವಿಭಾಗಗಳನ್ನೇ ಮುಚ್ಚಿದರು. ಬೆಳಗಾವಿ ಅಧಿವೇಶನದ ಹೊತ್ತು ಅದು. ಸರ್ಕಾರ ಕರೆದು ಕೂರಿಸಿ ಮಾತಾಡಿತು, ಮಸೂದೆ ಮೆತ್ತಗಾಯಿತು. ಅವರು ಸೇರಿದರೆ ಸಂಘಟನೆ, ನಾವು ಸೇರಿದರೆ ಶಿಸ್ತು ಉಲ್ಲಂಘನೆ, ಅಲ್ವಾ? ನರ್ಸ್‌ಗಳದೇ ಒಂದು ವಾಟ್ಸ್ಆ್ಯಪ್ ಗ್ರೂಪ್‌ನಲ್ಲಿ ಇನ್‌ಕ್ರಿಮೆಂಟ್ ಬಗ್ಗೆ ಬರೆದದ್ದಕ್ಕೆ ಒಬ್ಬರನ್ನು ಮಾರನೇ ದಿನವೇ ಬೇರೆ ಬ್ರಾಂಚ್‌ಗೆ ಹಾಕಿದ್ದನ್ನು ನಾನು ನೋಡಿದ್ದೇನೆ. ಸ್ಕ್ರೀನ್‌ಶಾಟ್ ಯಾರು ಕೊಟ್ಟರೋ ಇವತ್ತಿಗೂ ಗೊತ್ತಿಲ್ಲ.

ಕಾನೂನು ಮಾತ್ರ ನಮ್ಮ ಕಡೆ ಇದೆ. ಆಸ್ಪತ್ರೆಯೂ ಕೈಗಾರಿಕೆಯೇ ಅಂತ ಸುಪ್ರೀಂ ಕೋರ್ಟ್‌ನ ಏಳು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 1978ರಲ್ಲಿ. ಆ ಕೇಸಿನ ಹೆಸರೇ ಬೆಂಗಳೂರು ಜಲಮಂಡಳಿ ಕೇಸು, ನಮ್ಮ ಊರಿನದೇ. 1926ರ ಟ್ರೇಡ್ ಯೂನಿಯನ್ ಕಾಯ್ದೆಯಲ್ಲೂ ಏಳು ಜನ ಸೇರಿ ಸಂಘದ ನೋಂದಣಿಗೆ ಅರ್ಜಿ ಹಾಕಬಹುದಿತ್ತು, ಹೊಸ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಏಳೇ. ಕೆಲಸಗಾರರಲ್ಲಿ ಶೇ 10 ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಸದಸ್ಯರಿದ್ದರೆ ಸಾಕು. ಆದರೆ ಹೊಸ ಸಂಹಿತೆಯಲ್ಲಿ ಒಂದು ಕಿಂಡಿ ಇದೆ. ದಾನಧರ್ಮ, ಸಮಾಜಸೇವೆಯ ಸಂಸ್ಥೆಗಳು ನಡೆಸುವ ಜಾಗ ‘ಕೈಗಾರಿಕೆ’ ಅಲ್ಲ ಅಂತ ಬರೆದಿದ್ದಾರೆ. ನಮ್ಮ ರಾಜ್ಯದಲ್ಲಿ ಟ್ರಸ್ಟ್ ಹೆಸರಲ್ಲಿ ನಡೆಯುವ ಆಸ್ಪತ್ರೆಗಳು ಒಂದಾ, ಎರಡಾ? ಮಾರುಕಟ್ಟೆ ದರಕ್ಕೆ ಬಿಲ್ ಮಾಡುವ ಆಸ್ಪತ್ರೆ ಟ್ರಸ್ಟ್ ಬೋರ್ಡ್ ತೋರಿಸಿ ಈ ಕಿಂಡಿಯಲ್ಲಿ ನುಸುಳದ ಹಾಗೆ ಇಲಾಖೆ ಸ್ಪಷ್ಟನೆ ಕೊಡಬೇಕು. ಕಾರ್ಮಿಕ ಸಚಿವರೇ, ಇದು ತುಂಬಾ ಮುಖ್ಯ.

‘ನರ್ಸ್‌ಗಳು ಮುಷ್ಕರ ಮಾಡಿದರೆ ರೋಗಿಗಳ ಗತಿ?’ ಅಂತ ಎಲ್ಲರೂ ಕೇಳುತ್ತಾರೆ. ನಮ್ಮ ಮನೆಯವರೂ ಕೇಳುತ್ತಾರೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ನರ್ಸಿಂಗ್ 1916ರಲ್ಲಿ ಶುರುವಾದದ್ದು. 2022ರ ಡಿಸೆಂಬರ್‌ವರೆಗೆ ಇಂಗ್ಲೆಂಡಿನಲ್ಲಿ ಅದು ಒಮ್ಮೆಯೂ ಮುಷ್ಕರ ಮಾಡಿರಲಿಲ್ಲ. ಡಿಸೆಂಬರ್ 15 ಮತ್ತು 20ರಂದು ಮಾಡಿತು. ಇಲ್ಲಿಂದ ಹೋದ ನಮ್ಮ ಹುಡುಗಿಯರೂ ಕೆಲಸ ಮಾಡುವ ಆಸ್ಪತ್ರೆಗಳು ಅವು. ಐಸಿಯು, ಡಯಾಲಿಸಿಸ್, ಕಿಮೋಥೆರಪಿ, ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳನ್ನು ಮುಷ್ಕರದಿಂದ ಹೊರಗಿಟ್ಟು, ಮೊದಲೇ ನೋಟಿಸ್ ಕೊಟ್ಟು ಹೊರಗೆ ನಿಂತರು. ಕೇಳಿದ್ದೆಲ್ಲ ಅವರಿಗೂ ಸಿಗಲಿಲ್ಲ, ಮರು ವರ್ಷಕ್ಕೆ ಶೇ 5 ಏರಿಕೆಗೆ ನಿಂತಿತು. ಮುಷ್ಕರ ನಮಗೂ ಖುಷಿಯ ವಿಷಯ ಅಲ್ಲ. ಆದರೆ ಆ ಹಕ್ಕು ಇದೆ ಅಂತ ಎದುರಿನವರಿಗೆ ಗೊತ್ತಿದ್ದರೆ ಮಾತ್ರ ಮಾತುಕತೆಗೆ ಕುರ್ಚಿ ಹಾಕುತ್ತಾರೆ. ನಾವು ಬಾಯಿ ಬಿಟ್ಟ ದಿನವೇ ಎಸ್ಮಾ, ಅಂದರೆ ಅಗತ್ಯ ಸೇವೆಗಳಲ್ಲಿ ಮುಷ್ಕರ ತಡೆಯುವ ಕಾಯ್ದೆ, ಹಾಕ್ತೀವಿ ಅಂತ ಹೆದರಿಸಬೇಡಿ.

ಸರ್ಕಾರಿ ಆಸ್ಪತ್ರೆಗಳ ಗುತ್ತಿಗೆ ನರ್ಸ್‌ಗಳ ಹೆಸರೂ ಇಲ್ಲಿ ಬರಬೇಕು. ಮಾಲೀಕರು ನಿಮಗೆ ಮೊದಲು ತೋರಿಸುವುದೇ ಅವರನ್ನು: ‘ನೀವೇ ಗುತ್ತಿಗೆಯಲ್ಲಿ ಕಡಿಮೆ ಕೊಡ್ತೀರಲ್ಲ’ ಅಂತ. 2023ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು ಫ್ರೀಡಂ ಪಾರ್ಕ್‌ನಲ್ಲಿ ಬಂದು ಕೂತದ್ದು ಇದೇ ಕಾರಣಕ್ಕೆ. ಕಾಯಂ ಮಾಡಿ, ಸಮಾನ ವೇತನ ಕೊಡಿ ಅಂತ. ಅವರ ಪ್ರಶ್ನೆ ಬಗೆಹರಿಯದೆ ಖಾಸಗಿಯವರಿಗೆ ನೀವು ಬುದ್ಧಿ ಹೇಳುವುದು ಕಷ್ಟ.

ನನ್ನ ಸಹೋದ್ಯೋಗಿಗಳಿಗೂ ಒಂದು ಮಾತು, ಪತ್ರ ಬಹಿರಂಗವಾದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ. ಜರ್ಮನ್ ಕ್ಲಾಸ್‌ಗೆ ಸೇರಿದ್ದೀನಿ, ಇನ್ನೆರಡು ವರ್ಷಕ್ಕೆ ಹೋಗ್ತೀನಿ, ನನಗ್ಯಾಕೆ ಯೂನಿಯನ್ ಅನ್ನುವವರೇ ನಮ್ಮಲ್ಲಿ ಜಾಸ್ತಿ. ಹೋಗಿ, ಖಂಡಿತ ಹೋಗಿ. ಹೋಗುವವರೆಗಾದರೂ ಸಹಿ ಹಾಕಿ. ಸಂಘ ಕಟ್ಟಿದ ಮೇಲೆ ಅದರ ಲೆಕ್ಕಪತ್ರದ ಮೇಲೂ ಕಣ್ಣಿಡಿ. ಕೇರಳದ ಅದೇ ಸಂಘದ ಮೇಲೆ 2019ರಲ್ಲಿ ಹಣದ ಅವ್ಯವಹಾರದ ಕೇಸು ಬಿದ್ದು, ಅಷ್ಟು ವರ್ಷದ ಹೋರಾಟಕ್ಕೆ ಕೆಸರು ಹತ್ತಿತು. ಆರೋಪ ನಿಜವೋ ಸುಳ್ಳೋ ಕೋರ್ಟ್ ನೋಡಿಕೊಳ್ಳಲಿ. ರಸೀದಿ ಇಲ್ಲದೆ ಒಂದು ರೂಪಾಯಿಯೂ ಕೊಡಬೇಡಿ. ಗಂಡು ನರ್ಸ್‌ಗಳಿಗೂ ಹೇಳುತ್ತಿದ್ದೇನೆ. ‘ಬ್ರದರ್’ ಅಂತ ಕರೆಸಿಕೊಂಡು ಸಭೆಗೆ ಬರದೆ ಇರಬೇಡಿ.

ಸಚಿವರೇ, ಹಾಸಿಗೆ ಲೆಕ್ಕದ ವೇತನದ ಕರಡು ಅಧಿಸೂಚನೆ ಹೊರಡಿಸಿ, ಆಕ್ಷೇಪಣೆಗೆ ಎಲ್ಲರಿಗೂ ಅವಕಾಶ ಕೊಡಿ. 2016ರ 20,000ವನ್ನು ಇವತ್ತಿನ ಬೆಲೆಗೆ ತಂದು ಬರೆಯಿರಿ. ಕೆಪಿಎಂಇ ನವೀಕರಣಕ್ಕೆ ಸಂಬಳದ ಪಟ್ಟಿ ಕಡ್ಡಾಯ ಮಾಡಿ. ಒರಿಜಿನಲ್ ಸರ್ಟಿಫಿಕೇಟ್ ಇಟ್ಟುಕೊಳ್ಳುವುದನ್ನು ಶಿಕ್ಷೆಯ ಅಪರಾಧ ಅಂತ ಬರೆಯಿರಿ, ದೂರನ್ನು ಹೆಸರು ಹೇಳದೆ ಜಿಲ್ಲಾಧಿಕಾರಿಗೆ ಕೊಡುವ ವ್ಯವಸ್ಥೆ ಮಾಡಿ. ಕರಡು ಮಾಡಲು ಕೂರುವ ಸಮಿತಿಯಲ್ಲಿ ಮಾಲೀಕರು ಎಷ್ಟು ಜನ ಇರುತ್ತಾರೋ ಅಷ್ಟೇ ಜನ ವಾರ್ಡ್‌ನಲ್ಲಿ ಕೆಲಸ ಮಾಡುವ ನರ್ಸ್‌ಗಳೂ ಇರಬೇಕು. ನಿವೃತ್ತ ಪ್ರಿನ್ಸಿಪಾಲರು ಬೇಡ ಅಂತಲ್ಲ, ಅವರೊಬ್ಬರೇ ಸಾಲದು.

ಸಭೆಗೆ ಕರೆಯುವುದಾದರೆ ಒಂದು ವಾರ ಮುಂಚೆ ತಿಳಿಸಿ. ಡ್ಯೂಟಿ ರೋಸ್ಟರ್ ಬದಲಾಯಿಸಿಕೊಳ್ಳಬೇಕು.

ಇಂತಿ,
ಬೆಂಗಳೂರಿನ ಒಬ್ಬ ಸ್ಟಾಫ್ ನರ್ಸ್
(ಹೆಸರು ಹಾಕಿಲ್ಲ. ಕಾರಣ ಮೇಲೆಯೇ ಇದೆ.)